ಪಾದ್ರಿಯ ಕೊರಳಲ್ಲಿರುವುದೆಲ್ಲ ಕಾಲರ್ ಅಲ್ಲ

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆಯುವ ಇಂಗ್ಲಿಷ್ ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪಾದ್ರಿಗಳ ಕತ್ತಿನ ಉಡುಪಿಗೆ ಕ್ಲೆರಿಕಲ್ ಕಾಲರ್, ಡಾಗ್ ಕಾಲರ್, ರೋಮನ್ ಕಾಲರ್, ಬ್ಯಾಂಡ್ಸ್, ಟಿಪೆಟ್, ಸ್ಟೋಲ್ ಎಂಬ ಹೆಸರುಗಳು ಬರುತ್ತವೆ. ಫ್ರೆಂಚ್ ಪಾತ್ರವೊಂದರ ಬಾಯಲ್ಲಿ ರಬಾ ಎಂಬ ಮಾತೂ ಇದೆ. ನನ್ನ ಬಳಿಯಿರುವ ನಿಘಂಟು ಹೆಚ್ಚಿನವಕ್ಕೆ ‘ಕೊರಳಪಟ್ಟಿ’ ಎಂದೇ ಅರ್ಥ ಕೊಡುತ್ತದೆ. ಇವೆಲ್ಲ ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳೆ? ಒಂದೆಡೆ ‘ಡಾಗ್ ಕಾಲರ್ ಒಂದು ಮೆಟ್ಟಿಲೇರಿ ಬಂತು’ ಎಂಬರ್ಥದ ವಾಕ್ಯವಿದೆ. ಅದನ್ನು ಏನು ಮಾಡಲಿ?

ಉತ್ತರ: ಇವು ಒಂದೇ ವಸ್ತುವಿನ ಹೆಸರುಗಳಲ್ಲ. ಕ್ಲೆರಿಕಲ್ ಕಾಲರ್ ಮತ್ತು ಡಾಗ್ ಕಾಲರ್ ಒಂದೇ ವಸ್ತು, ಮಾತಿನ ಮಟ್ಟ ಮಾತ್ರ ಬೇರೆ. ರೋಮನ್ ಕಾಲರ್ ಅದರ ಹತ್ತಿರದ ಬಂಧು. ಬ್ಯಾಂಡ್ಸ್ ಮತ್ತು ರಬಾ ಅವಕ್ಕಿಂತ ಸುಮಾರು ಎರಡು ಶತಮಾನ ಹಿರಿಯವು. ಟಿಪೆಟ್ ಮತ್ತು ಸ್ಟೋಲ್‌ಗಳನ್ನಂತೂ ಕಾಲರ್ ಎಂದು ಕರೆಯುವುದೇ ತಪ್ಪು. ಅವು ಕೊರಳಿನ ಮೂಲಕ ಹಾದು ಕೆಳಗಿಳಿಯುವ ವಸ್ತ್ರಗಳೇ ಹೊರತು ಕೊರಳನ್ನು ಸುತ್ತಿ ಕಟ್ಟುವ ಪಟ್ಟಿಗಳಲ್ಲ. ಅನುವಾದಕ್ಕೆ ಕೂತವರು ಆಕಾರಕ್ಕಿಂತ ಮೊದಲು ಬೇರೊಂದು ವಿಷಯವನ್ನು ವಿಚಾರಿಸಬೇಕೆಂದು ನನಗನ್ನಿಸುತ್ತದೆ: ಈ ವಸ್ತು ಒಂದು ಕಾಲಕ್ಕೆ ಎಲ್ಲರೂ ತೊಡುತ್ತಿದ್ದ ಉಡುಪಾಗಿದ್ದು, ಉಳಿದವರು ಬಿಟ್ಟ ಮೇಲೂ ಪಾದ್ರಿಗಳು ಬಿಡದೆ ಉಳಿಸಿಕೊಂಡದ್ದೊ, ಅಥವಾ ಆರಾಧನೆಗೆಂದೇ ಉಡುಪಿನ ಮೇಲೆ ಧರಿಸುವುದೊ? ಕಾಲರ್, ಬ್ಯಾಂಡ್ಸ್, ರಬಾ ಮೊದಲನೆಯ ಬಗೆಯವು. ಸ್ಟೋಲ್ ಎರಡನೆಯ ಬಗೆಯದು. ಈ ಗೆರೆಯನ್ನು ನಿಘಂಟುಗಳು ಎಳೆಯುವುದಿಲ್ಲ, ಆದ್ದರಿಂದಲೇ ಎಲ್ಲವೂ ಕೊರಳಪಟ್ಟಿಯಾಗಿ ಕೂತಿವೆ.

ಕಾಲರ್ ಎಂಬ ಪದದಿಂದಲೇ ಹೊರಡೋಣ. ಲ್ಯಾಟಿನ್ನಿನಲ್ಲಿ ಕೊಲ್ಲುಂ ಎಂದರೆ ಕತ್ತು, ಕೊಲ್ಲಾರೆ ಎಂದರೆ ಕತ್ತಿಗೆ ಹಾಕುವಂಥದ್ದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಮಾತು 1300ರ ಸುಮಾರಿಗೆ ಕತ್ತಿನ ರಕ್ಷಾಕವಚಕ್ಕೆ ಸಲ್ಲುತ್ತಿತ್ತು. ಸರಕ್ಕೂ, ಪ್ರಾಣಿಗಳ ಕತ್ತಿನ ಪಟ್ಟಿಗೂ, ಅಂಗಿಯ ಕತ್ತಿನಂಚಿಗೂ ಅದೇ ಹೆಸರು ಹರಡಿತು. ಬಿರುದಿನ ಜೊತೆಗೆ ಅರಸರು ದಯಪಾಲಿಸುವ ಹೆಗಲ ಸರಪಣಿಯನ್ನೂ ಇಂಗ್ಲಿಷಿನಲ್ಲಿ ಕಾಲರ್ ಎಂದೇ ಕರೆಯುವುದರಿಂದ, ‘ಗಾರ್ಟರ್ ಪದವಿಯ ಕಾಲರ್’ ಎಂದು ಎಲ್ಲಾದರೂ ಸಿಕ್ಕರೆ ಅದು ಬಟ್ಟೆಯಲ್ಲ, ಬಂಗಾರದ ಒಡವೆ ಎಂಬುದು ನೆನಪಿರಲಿ. ಅಪ್ಪಿ ಗೌರವಿಸುವುದು ಎಂಬರ್ಥದಿಂದ ಹೊರಟ ‘ಅಕೊಲೇಡ್’ ಮತ್ತು ಕತ್ತು ತೆರೆದ ಉಡುಪಿನ ‘ಡೆಕೊಲ್ತೆ’ ಇದೇ ಬೇರಿನ ಚಿಗುರುಗಳು. ಹೀಗೆ ಕಾಲರ್ ಎಂಬ ಪದ ಹೇಳುವುದು ಜಾಗವನ್ನು ಮಾತ್ರ. ವಸ್ತು ಗಟ್ಟಿಯೊ ಮೆದುವೊ, ಅಂಗಿಗೆ ಹೊಲಿದದ್ದೊ ಬಿಡಿಯೊ ಎಂಬುದನ್ನು ಅದು ತನ್ನಷ್ಟಕ್ಕೆ ಹೇಳುವುದಿಲ್ಲ.

ಕ್ಲೆರಿಕಲ್ ಎಂಬ ವಿಶೇಷಣದಲ್ಲಿ ಇನ್ನೊಂದು ಗುಂಡಿಯಿದೆ. ಗ್ರೀಕಿನ ಕ್ಲೇರೊಸ್ ಎಂದರೆ ಚೀಟಿಯೆತ್ತಿ ಬಂದ ಪಾಲು, ಆಸ್ತಿಯ ಹಂಚಿಕೆ. ದೇವರನ್ನೇ ತನ್ನ ಪಾಲಾಗಿ ಪಡೆದವನು ಎಂಬ ಭಾವದಿಂದ ಕ್ಲೆರಿಕುಸ್ ಎಂಬ ಲ್ಯಾಟಿನ್ ಮಾತು ದೀಕ್ಷಿತರಿಗೆ ಅಂಟಿಕೊಂಡಿತು. ಮಧ್ಯಯುಗದ ಯುರೋಪಿನಲ್ಲಿ ಓದುಬರಹ ಬಲ್ಲವರಲ್ಲಿ ಬಹುಪಾಲು ಅವರೇ ಆಗಿದ್ದುದರಿಂದ, ಬರೆಯುವ ಕೆಲಸದವನೂ ಅದೇ ಹೆಸರು ಹೊತ್ತು ಕ್ಲರ್ಕ್ ಆದ. ಪರಿಶೀಲನೆಗೆಂದು ಒಮ್ಮೆ ನನ್ನ ಕೈಗೆ ಬಂದ ಹಸ್ತಪ್ರತಿಯೊಂದರಲ್ಲಿ ಮರಣಶಯ್ಯೆಯ ಬಳಿ ನಿಂತ ಪಾದ್ರಿಯು ‘ಗುಮಾಸ್ತರ ಕಾಲರನ್ನು ಸರಿಪಡಿಸಿಕೊಂಡನು’ ಎಂದಿತ್ತು. ನಗು ಬಂದರೂ ಅನುವಾದಕರನ್ನು ಪೂರ್ತಿ ದೂರುವಂತಿರಲಿಲ್ಲ. ಇಂಗ್ಲಿಷೇ ಪಾದ್ರಿಯನ್ನೂ ಗುಮಾಸ್ತನನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಈಗ ವಸ್ತುವಿನ ಕಡೆಗೆ ತಿರುಗೋಣ, ಏಕೆಂದರೆ ಇಲ್ಲಿ ಪದಗಳ ಕಥೆ ಬಟ್ಟೆಯ ಕಥೆಯನ್ನು ಬಿಟ್ಟು ನಿಲ್ಲುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಒಳ ಅಂಗಿಯ ಕತ್ತಿನ ಅಂಚನ್ನು ದಾರದಿಂದ ಎಳೆದು ಬಿಗಿದಾಗ ಮೂಡುತ್ತಿದ್ದ ಸಣ್ಣ ನೆರಿಗೆ ಬರಬರುತ್ತ ಹಿಗ್ಗಿ, ಅಂಗಿಯಿಂದ ಬೇರೆಯಾಗಿ, ರಫ್ ಎಂಬ ದೊಡ್ಡ ಚಕ್ರವಾಯಿತು. ಅಷ್ಟು ಅಗಲದ ತೆಳುಬಟ್ಟೆ ತಾನಾಗಿ ನಿಲ್ಲದು, ಅದಕ್ಕೆ ಗಂಜಿ ಬೇಕು. ಡಿಂಗೆನ್ ವಾನ್ ಡೆನ್ ಪ್ಲಾಸ್ ಎಂಬ ಫ್ಲಾಂಡರ್ಸಿನ ಮಹಿಳೆ 1564ರಲ್ಲಿ ಲಂಡನ್ನಿಗೆ ಬಂದು, ಬಟ್ಟೆಗೆ ಗಂಜಿ ಹಾಕುವ ವಿದ್ಯೆಯನ್ನು ಹಣ ಪಡೆದು ಕಲಿಸಿದಳೆಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಆ ಕಾಲದ ಕಾಲರಿನಂಚಿನ ಕತ್ತರಿಕೆಯ ಅಲಂಕಾರಕ್ಕೂ, ಅದನ್ನು ಹೊತ್ತ ಕಾಲರಿಗೂ ಪಿಕಡಿಲ್ ಎಂಬ ಹೆಸರಿತ್ತು. ಅವುಗಳನ್ನು ಮಾರಿ ಹಣ ಮಾಡಿದ ರಾಬರ್ಟ್ ಬೇಕರ್ ಎಂಬ ದರ್ಜಿ 1612ರ ಸುಮಾರಿಗೆ ಕಟ್ಟಿಸಿದ ಮನೆಯನ್ನು ಜನ ಪಿಕಡಿಲಿ ಹಾಲ್ ಎಂದು ಗೇಲಿಮಾಡಿ ಕರೆದರು, ಲಂಡನ್ನಿನ ಪಿಕಡಿಲಿ ಬೀದಿಯ ಹೆಸರು ಅಲ್ಲಿಂದ ಬಂತು.

ರಫ್ ಎಲ್ಲರದ್ದೂ ಆಗಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ವರ್ತಕ, ಸೈನಿಕ, ರಾಣಿ, ಪಾದ್ರಿ ಎಲ್ಲರೂ ಹಾಕುತ್ತಿದ್ದರು. ಸ್ಪೇನಿನ ನಾಲ್ಕನೆಯ ಫಿಲಿಪ್ 1623ರಲ್ಲಿ ದುಂದುವೆಚ್ಚದ ವಿರುದ್ಧ ತಂದ ಕಟ್ಟಳೆಗಳಲ್ಲಿ ರಫ್ ನಿಷಿದ್ಧವಾಯಿತು. ಅದರ ಜಾಗಕ್ಕೆ ಗೊಲಿಲ್ಯ ಎಂಬ ಗಟ್ಟಿ, ಸಾದಾ ಕಾಲರ್ ಬಂತು. ಗೊಲ ಎಂದರೆ ಗಂಟಲು. ಗೊಲಿಲ್ಯ ಅದರ ಪುಟ್ಟ ರೂಪ. ಮುಂದೆ ಸಾಮಾನ್ಯರು ಅದನ್ನೂ ಬಿಟ್ಟರು, ನ್ಯಾಯಾಧೀಶರು ಮತ್ತು ಕಾನೂನಿನವರು ಮಾತ್ರ ಉಳಿಸಿಕೊಂಡರು. ಹದಿನೆಂಟನೆಯ ಶತಮಾನದ ಸ್ಪೇನಿನಲ್ಲಿ ‘ಗೊಲಿಲ್ಯಗಳು’ ಎಂದರೆ ಕಾಲರುಗಳಲ್ಲ, ಸರ್ಕಾರದೊಳಗಿನ ವಕೀಲ ಅಧಿಕಾರಿಗಳ ಬಣ. ಇದೇ ತಿರುವು ಡೆನ್ಮಾರ್ಕಿನಲ್ಲಿ ಬೇರೆ ದಿಕ್ಕಿಗೆ ಹೋಗಿದೆ. ಅಲ್ಲಿನ ಲೂಥರನ್ ಪಾದ್ರಿಗಳು ಇಂದಿಗೂ ಕರಿಯ ನಿಲುವಂಗಿಯ ಮೇಲೆ ರಫ್ ಹಾಕುತ್ತಾರೆ. ಕೊಳವೆ ಕೊಳವೆಯಾಗಿ ನಿಂತ ಅದರ ನೆರಿಗೆಗಳಿಂದ ಅದಕ್ಕೆ ಪೀಬೆಕ್ರಾವೆ, ಕೊಳವೆ ಕಾಲರ್, ಎಂದು ಹೆಸರು. ಪ್ರೆಸ್ಟೆಕ್ರಾವೆ, ಪಾದ್ರಿಯ ಕಾಲರ್, ಎಂದೂ ಹೇಳುವುದುಂಟು. ಈ ಎರಡನೆಯ ಹೆಸರೇ ಕತ್ತಿನ ಸುತ್ತ ಬಿಳಿಯ ಬಳೆಯಿರುವ ಪುಟ್ಟ ತೀರಹಕ್ಕಿಯೊಂದಕ್ಕೂ ಇದೆ. ಡ್ಯಾನಿಶ್ ಪುಸ್ತಕದಲ್ಲಿ ಪಾದ್ರಿಯ ಕಾಲರ್ ಮರಳಿನ ಮೇಲೆ ಓಡುತ್ತಿದ್ದರೆ ಗಾಬರಿಯಾಗಬೇಕಿಲ್ಲ.

ರಫ್‌ನ ಗಂಜಿ ಇಳಿಯಿತೆನ್ನಿ. ಅದು ಭುಜದ ಮೇಲೆ ಕವುಚಿಕೊಂಡಿತು. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಕಾಲರಿಗೆ ಬ್ಯಾಂಡ್ ಎಂಬುದೇ ರೂಢಿಯ ಪದ: ನಿಂತರೆ ನಿಂತ ಬ್ಯಾಂಡ್, ಇಳಿಬಿದ್ದರೆ ಬೀಳು ಬ್ಯಾಂಡ್. ಇಳಿಬಿದ್ದ ಆ ಅಗಲದ ಬಿಳಿ ಬಟ್ಟೆ ಮುಂಭಾಗದಲ್ಲಿ ಮಾತ್ರ ಉಳಿದು, ಸಂಕುಚಿತವಾಗಿ, ಗದ್ದದ ಕೆಳಗೆ ಜೋಡಿಯಾಗಿ ತೂಗುವ ಎರಡು ಆಯತಾಕಾರದ ಬಿಳಿ ತುಂಡುಗಳಾದಾಗ ಅದಕ್ಕೆ ಬಹುವಚನ ಬಂತು, ಬ್ಯಾಂಡ್ಸ್ ಎನಿಸಿತು. ಕಾದಂಬರಿಯಲ್ಲಿ ಏಕವಚನದ ಬ್ಯಾಂಡ್ ಇದ್ದರೆ ಪೂರ್ತಿ ಕಾಲರನ್ನೂ, ಬಹುವಚನವಿದ್ದರೆ ಈ ಜೋಡಿ ತುಂಡುಗಳನ್ನೂ ಮನಸ್ಸಿಗೆ ತಂದುಕೊಳ್ಳಿ. ಇಂಗ್ಲಿಷ್ ಪರಂಪರೆಯ ನ್ಯಾಯಾಲಯಗಳಲ್ಲಿ ವಕೀಲರು ಕಪ್ಪು ಗೌನಿನ ಜೊತೆ ಕಟ್ಟುವುದು ಇದನ್ನೇ. ಪಾದ್ರಿಯಿಂದ ವಕೀಲ ಎರವಲು ಪಡೆದದ್ದೂ ಅಲ್ಲ, ವಕೀಲನಿಂದ ಪಾದ್ರಿ ಪಡೆದದ್ದೂ ಅಲ್ಲ, ಇಬ್ಬರೂ ಒಂದೇ ಹಳೆಯ ಅಂಗಿಯನ್ನು ಬಿಡದವರು. ನಾಜೂಕಾದ ಬ್ಯಾಂಡುಗಳನ್ನು ಮುದುಡದಂತೆ ಇಡಲು ಮಾಡಿದ ರಟ್ಟಿನ ಪೆಟ್ಟಿಗೆ ಬ್ಯಾಂಡ್‌ಬಾಕ್ಸ್. ಟೋಪಿ ಇಡುವ ಡಬ್ಬಿಯಾಗಿ ಬದಲಾದ ಮೇಲೂ ಅದು ಹಳೆಯ ಹೆಸರನ್ನೇ ಹೊತ್ತಿದೆ, ವಾದ್ಯವೃಂದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇದೇ ಬ್ಯಾಂಡ್ಸ್‌ಗೆ ಜಿನೀವಾ ಬ್ಯಾಂಡ್ಸ್ ಎಂಬ ಇನ್ನೊಂದು ಹೆಸರಿದೆ. ಹೆಸರು ಕೇಳಿದವರು ಇದನ್ನು ಜಿನೀವಾದ ಸುಧಾರಕ ಕ್ಯಾಲ್ವಿನ್ ರೂಢಿಗೆ ತಂದನೆಂದು ಭಾವಿಸುವುದು ಸಹಜ. ಆದರೆ ಕ್ಯಾಲ್ವಿನ್ ತೀರಿಕೊಂಡದ್ದು 1564ರಲ್ಲಿ, ಲಂಡನ್ನಿನಲ್ಲಿ ಗಂಜಿಯ ಪಾಠ ಶುರುವಾದ ವರ್ಷವೇ. ಜೋಡಿ ಬ್ಯಾಂಡುಗಳ ಕಾಲ ಬಂದದ್ದು ಮುಂದಿನ ಶತಮಾನದಲ್ಲಿ, ಮತ್ತು ಆಗ ಅವನ್ನು ಕ್ಯಾಥೊಲಿಕ್ ಪಾದ್ರಿಗಳೂ ತೊಡುತ್ತಿದ್ದರು. ಹಾಗಾಗಿ ಜಿನೀವಾ ಎಂಬುದು ಹುಟ್ಟಿದೂರಿನ ವಿಳಾಸವಲ್ಲ, ಯಾವ ಪಂಥದವರು ಇದನ್ನು ಹೆಚ್ಚು ಮುಚ್ಚಟೆಯಿಂದ ಉಳಿಸಿಕೊಂಡರು ಎಂಬುದರ ಸೂಚನೆ. ಜರ್ಮನ್ನರು ಇದನ್ನು ಬೆಫ್‌ಶೆನ್ ಎನ್ನುತ್ತಾರೆ, ಅವರಲ್ಲಿ ಅದು ಬಹಳ ಸೂಕ್ಷ್ಮವಾದ ಗುರುತು. ಲೂಥರನ್ ಪಾದ್ರಿಯ ಎರಡು ತುಂಡುಗಳು ಮೇಲಿನಿಂದ ಕೆಳಗಿನವರೆಗೆ ಬಿಡಿ ಬಿಡಿಯಾಗಿರುತ್ತವೆ. ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಪಾದ್ರಿಯದ್ದರಲ್ಲಿ ಅವುಗಳನ್ನು ಪೂರ್ತಿ ಸೇರಿಸಿ ಹೊಲಿದಿರುತ್ತಾರೆ. ಈ ಎರಡೂ ಪಂಥಗಳು ಕೂಡಿಕೊಂಡ ಸಭೆಗಳಲ್ಲಿ ಹೊಲಿಗೆ ಅರ್ಧಕ್ಕೆ ನಿಂತಿರುತ್ತದೆ. ದೇವತಾಶಾಸ್ತ್ರದ ಒಪ್ಪಂದವೊಂದು ಬೆರಳುದ್ದದ ಹೊಲಿಗೆಯಾಗಿ ಕಣ್ಣಿಗೆ ಬೀಳುವುದು ಇಷ್ಟು ನೇರವಾಗಿ ಬೇರೆಲ್ಲಿಯೂ ನನಗೆ ಸಿಕ್ಕಿಲ್ಲ.

ರಬಾ ಎಂಬ ಫ್ರೆಂಚ್ ಪದ ಬ್ಯಾಂಡ್ಸ್‌ನ ಅಣ್ಣತಮ್ಮ. ರಬತ್ರ್ ಎಂದರೆ ಕೆಳಕ್ಕೆ ಮಡಚು, ತಗ್ಗಿಸು. ಸಂತೋಷಕ್ಕೆ ತಣ್ಣೀರೆರಚುವವನನ್ನು ಫ್ರೆಂಚರು ರಬಾ-ಜ್ವಾ ಎನ್ನುವುದೂ ಇದೇ ಧಾತುವಿನಿಂದ. ಕಾಲರ್ ಎಂಬುದು ಜಾಗದ ಹೆಸರಾದರೆ ರಬಾ ಎಂಬುದು ಬಟ್ಟೆಯ ಭಂಗಿಯ ಹೆಸರು. ಫ್ರಾನ್ಸಿನ ವಕೀಲರೂ ಪ್ರಾಧ್ಯಾಪಕರೂ ಇಂದಿಗೂ ತೊಡುವ ರಬಾ ಬಿಳಿಯದು, ನೆರಿಗೆಯದು. ಹದಿನೆಂಟನೆಯ ಶತಮಾನದ ಫ್ರೆಂಚ್ ಪಾದ್ರಿಗಳದ್ದು ಬಿಳಿಯಂಚಿನ ಕಪ್ಪು ರಬಾ. ಶಾಲೆ ನಡೆಸುವ ಲಾ ಸಾಲ್ ಸಹೋದರರ ಕೊರಳಲ್ಲಿ ಬಿಳಿಯ ಸೀಳು ರಬಾ ಈಗಲೂ ಇದೆ. ಇದೇ ಪದ ಇಂಗ್ಲಿಷಿಗೆ ದಾಟಿದಾಗ ವಸ್ತುವೇ ಬೇರೆಯಾಯಿತು. ಇಂಗ್ಲಿಷಿನ ರ‍್ಯಾಬಟ್ ಎಂದರೆ ಕಾಲರಿನಿಂದ ಎದೆಯ ಮೇಲೆ ಇಳಿಯುವ, ತೋಳಿಲ್ಲದ ಕಪ್ಪು ಎದೆವಸ್ತ್ರ. ಕೋಟಿನೊಳಗೆ ನೋಡಿದರೆ ಪೂರ್ತಿ ಅಂಗಿಯಂತೆ ಕಾಣುತ್ತದೆ, ಬೆನ್ನಿನ ಕಡೆ ಬರೀ ಪಟ್ಟಿ. ಅಮೆರಿಕದ ಪಾದ್ರಿಗಳ ಆಡುಮಾತಿನಲ್ಲಿ ಇದು ರ‍್ಯಾಬೈ ಎಂದಾಗಿದ್ದು, ಯೆಹೂದಿ ಗುರುವಿನ ಹೆಸರಿನ ಜೊತೆ ಕಲಸಿಹೋಗಿದೆ. ನಿಮ್ಮ ಫ್ರೆಂಚ್ ಪಾತ್ರ ಹೇಳುತ್ತಿರುವುದು ಮೊದಲನೆಯದನ್ನು, ಗದ್ದದ ಕೆಳಗಿನ ಇಳಿಪಟ್ಟಿಯನ್ನು. ಮೊರಾಕೊದ ರಾಜಧಾನಿಗೂ ಇದಕ್ಕೂ ನಂಟಿಲ್ಲ. ಆ ಹೆಸರು ಅರಬ್ಬಿಯ ರಿಬಾತ್, ಕೋಟೆ, ಎಂಬುದರಿಂದ ಬಂದದ್ದು.

ಫ್ರೆಂಚರ ಮಾತು ಬಂದಾಗ ಇನ್ನೆರಡು ನುಡಿಗಟ್ಟುಗಳನ್ನು ಹೇಳಿಬಿಡುತ್ತೇನೆ, ಕಾದಂಬರಿಯಲ್ಲಿ ಅವೂ ಸಿಗಬಹುದು. ಲೌಕಿಕರ ಕಾಲರುಗಳು ಕಸೂತಿಯಿಂದ ಹಿಗ್ಗಿದ್ದ ಕಾಲದಲ್ಲಿ ಪಾದ್ರಿಗಳು ವಿನಯದ ಗುರುತಾಗಿ ಚಿಕ್ಕದನ್ನು ಧರಿಸುತ್ತಿದ್ದುದರಿಂದ ‘ಪ್ತಿ ಕೊಲೆ’, ಅಂದರೆ ಚಿಕ್ಕ ಕಾಲರ್, ಎಂದರೆ ಪಾದ್ರಿಯೇ ಎಂದಾಯಿತು. ಮಾತು ಸದಾ ಹೊಗಳಿಕೆಯದಾಗಿರಲಿಲ್ಲ, ಏಕೆಂದರೆ ಪಟ್ಟಿಯನ್ನು ಮಾತ್ರ ಕಟ್ಟಿಕೊಂಡು ಸೇವೆ ಮಾಡದವರೂ ಬಹಳ ಮಂದಿಯಿದ್ದರು. ಇನ್ನೊಂದು ‘ಕೊಲೆ ಮೊಂತೆ’, ಏರಿಸಿದ ಕಾಲರ್. ಅದು ಇಂದಿಗೂ ಬಿಗುಮಾನದ, ಮಡಿವಂತಿಕೆಯ ವ್ಯಕ್ತಿಗೆ ಸಲ್ಲುವ ವಿಶೇಷಣ.

ನಿಮ್ಮ ಕಾದಂಬರಿಯ ಕಾಲಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳ ಇಂಗ್ಲಿಷ್ ಪಾದ್ರಿಗೆ ಬೀದಿಯಲ್ಲಿ ವಿಶೇಷ ಕಾಲರ್ ಇರಲಿಲ್ಲ. ಕಪ್ಪು ಕೋಟಿನ ಮೇಲೆ ಬಿಳಿಯ ಕಂಠವಸ್ತ್ರ ಸುತ್ತಿಕೊಂಡರೆ ಆಯಿತು. 1833ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಶುರುವಾದ ಚಳವಳಿ ಇಂಗ್ಲೆಂಡಿನ ಅಧಿಕೃತ ಚರ್ಚಾದ ಆಂಗ್ಲಿಕನ್ ಸಭೆಯನ್ನು ಹಳೆಯ ಕ್ಯಾಥೊಲಿಕ್ ಆಚಾರಗಳ ಕಡೆಗೆ ಎಳೆಯತೊಡಗಿದ ಮೇಲೆ, ಆ ಪಂಗಡದ ಪಾದ್ರಿಗಳು ಮುಂದೆ ಸೀಳಿಲ್ಲದೆ ಕತ್ತಿನವರೆಗೂ ಮುಚ್ಚಿದ ವೇಸ್ಟ್‌ಕೋಟನ್ನೂ, ಅದರ ಮೇಲಂಚಿನಲ್ಲಿ ಬಿಳಿಯ ನಿಂತ ಪಟ್ಟಿಯನ್ನೂ ಹಾಕತೊಡಗಿದರು. ಆ ವೇಸ್ಟ್‌ಕೋಟಿಗೆ ದರ್ಜಿಗಳಿಟ್ಟ ಅಡ್ಡಹೆಸರು ಎಂ.ಬಿ., ಬೈಬಲಿನ ಪ್ರಕಟನೆಯ ಪುಸ್ತಕದಲ್ಲಿ ದೇವರ ವೈರಿಯ ಕಡೆಯವರ ಮೈಮೇಲೆ ಬೀಳುವ ‘ಮೃಗದ ಗುರುತು’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ನಿಮ್ಮ ಕಾದಂಬರಿಕಾರರು ಒಬ್ಬ ಪಾದ್ರಿಗೆ ಬಿಳಿಯ ಕಂಠವಸ್ತ್ರವನ್ನೂ ಇನ್ನೊಬ್ಬನಿಗೆ ನಿಂತ ಕಾಲರನ್ನೂ ಕೊಟ್ಟಿದ್ದರೆ, ಅದು ಬರೀ ವೇಷದ ವರ್ಣನೆಯಲ್ಲ, ಪಕ್ಷದ ವರ್ಣನೆ. ಅನುವಾದದಲ್ಲಿ ಎರಡಕ್ಕೂ ಕೊರಳಪಟ್ಟಿ ಎಂದರೆ ಆ ಜಗಳ ಅಳಿಸಿಹೋಗುತ್ತದೆ.

ಈ ಕಾಲರ್ ಅಂಗಿಗೆ ಹೊಲಿದದ್ದಲ್ಲ ಎಂಬುದು ನೆನಪಿರಬೇಕು. ಅದು ಬಿಡಿ ಕಾಲರುಗಳ ಯುಗ. ಅಮೆರಿಕದ ಟ್ರಾಯ್ ಪಟ್ಟಣದ ಹ್ಯಾನಾ ಲಾರ್ಡ್ ಮಾಂಟೆಗ್ಯೂ 1827ರಲ್ಲಿ, ಕಾಲರ್ ಕೊಳೆಯಾದರೆ ಇಡೀ ಅಂಗಿಯನ್ನು ಒಗೆಯುವ ರಗಳೆಯಿಂದ ತಪ್ಪಿಸಿಕೊಳ್ಳಲು ಗಂಡನ ಅಂಗಿಯ ಕಾಲರನ್ನು ಕತ್ತರಿಸಿ ಪ್ರತ್ಯೇಕ ಮಾಡಿದಳೆಂಬುದು ಪ್ರಸಿದ್ಧ ಕಥೆ. ಟ್ರಾಯ್ ಮುಂದೆ ಕಾಲರ್ ನಗರಿ ಎಂದೇ ಹೆಸರಾಯಿತು. ಲೌಕಿಕನ ಬಿಡಿ ಕಾಲರ್ ಮುಂದೆ ತೆರೆದುಕೊಂಡು, ಟೈಗೆ ಜಾಗ ಬಿಡುತ್ತದೆ. ಪಾದ್ರಿಯದ್ದು ತಿರುವುಮುರುವು: ಗಂಜಿ ಹಾಕಿ ಇಸ್ತ್ರಿ ಮಾಡಿದ ಗಟ್ಟಿ ಪಟ್ಟಿಯ ಅಖಂಡ ಭಾಗ ಗಂಟಲಿನ ಮುಂದೆ ಬರುತ್ತದೆ, ಎರಡು ತುದಿಗಳು ಬೆನ್ನಿನ ಕಡೆ ಸೇರುತ್ತವೆ, ಅಲ್ಲಿನ ಕಾಜಗಳೊಳಗೆ ಸ್ಟಡ್ ಎಂಬ ಸಣ್ಣ ಬಿಡಿಗುಂಡಿಯನ್ನು ತೂರಿಸಿ ಬಿಗಿಯಬೇಕು. ಕೈಗಳನ್ನು ಹಿಂದಕ್ಕೆ ಮಡಚಿ, ಕಣ್ಣಿಗೆ ಕಾಣದ ಕಾಜವನ್ನು ಬೆರಳಿನಿಂದ ತಡಕಾಡುವ ಈ ಕೆಲಸ ಸುಲಭದ್ದಲ್ಲ. ಗುಂಡಿ ಜಾರಿ ಮಂಚದ ಕೆಳಗೆ ಉರುಳುವ ಪ್ರಸಂಗಗಳು ಆ ಕಾಲದ ಹಾಸ್ಯಬರಹದ ಸವಕಲು ಸರಕು. ಮುಂದಿನಿಂದ ನೋಡಿದವರಿಗೆ ಗುಂಡಿಯಿಲ್ಲ, ಟೈಯಿಲ್ಲ, ತುದಿಯಿಲ್ಲ, ಕತ್ತಿನ ಸುತ್ತ ಒಂದು ಮುಗಿಯದ ಬಿಳಿ ಬಳೆ ಮಾತ್ರ. ನಾಯಿಯ ಕತ್ತುಪಟ್ಟಿಯ ನೆನಪು ಬಂದದ್ದು ಇದರಿಂದಲೇ. ಕಪ್ಪು ಅಂಗಿಯ ಕಾಲರಿನ ತೂತಿನೊಳಗೆ ಪ್ಲಾಸ್ಟಿಕ್ಕಿನ ಬಿಳಿ ತುಂಡನ್ನು ತೂರಿಸುವ ಈಗಿನ ಸಲೀಸು ವಿಧಾನ ಇಪ್ಪತ್ತನೆಯ ಶತಮಾನದ್ದು. ತುಂಡು ಕಳೆದುಹೋದಾಗ ಪಾತ್ರೆ ತೊಳೆಯುವ ದ್ರವದ ಖಾಲಿ ಬಾಟಲಿಯನ್ನು ಕತ್ತರಿಸಿ ಸಿಕ್ಕಿಸಿಕೊಳ್ಳುವುದು ಪಾದ್ರಿಗಳೇ ನಗುತ್ತ ಹೇಳಿಕೊಳ್ಳುವ ಉಪಾಯ, ಆದರೆ ಅದನ್ನು ನಿಮ್ಮ ಕಾದಂಬರಿಯ ಕಾಲಕ್ಕೆ ಒಯ್ಯುವಂತಿಲ್ಲ.

ರೋಮನ್ ಕಾಲರಿಗೂ ಇದಕ್ಕೂ ಇರುವ ಭೇದವನ್ನು ಕಟ್ಟುನಿಟ್ಟಾಗಿ ಹೇಳುವುದಾದರೆ ಹೀಗೆ: ಆಂಗ್ಲಿಕನ್ ರೂಪದಲ್ಲಿ ಬಿಳುಪು ಕತ್ತಿನ ಸುತ್ತಲೂ ಕಾಣುತ್ತದೆ, ರೋಮನ್ ರೂಪದಲ್ಲಿ ಬಿಳಿಯ ಪಟ್ಟಿಯನ್ನು ಕಪ್ಪು ಬಟ್ಟೆ ಬಹುಪಾಲು ಮುಚ್ಚಿ, ಗಂಟಲಿನ ಎದುರು ಚೌಕದಷ್ಟು ಬಿಳುಪನ್ನು ಮಾತ್ರ ತೋರಿಸುತ್ತದೆ. ಬಳಕೆಯಲ್ಲಿ ಈ ಕಟ್ಟುನಿಟ್ಟು ಉಳಿದಿಲ್ಲ, ಅಮೆರಿಕದಲ್ಲಿ ಯಾವ ರೂಪವಾದರೂ ರೋಮನ್ ಕಾಲರೇ. ಇಂಥ ಕಾಲರನ್ನು ಕಂಡುಹಿಡಿದವರು ಗ್ಲಾಸ್ಗೊದ ಪ್ರೆಸ್ಬಿಟೇರಿಯನ್ ಪಾದ್ರಿ ಡೊನಾಲ್ಡ್ ಮೆಕ್ಲಿಯಡ್ ಎಂದು 1894ರ ಗ್ಲಾಸ್ಗೊ ಪತ್ರಿಕೆಯೊಂದನ್ನು ಆಧಾರವಾಗಿಟ್ಟುಕೊಂಡು ಹೇಳುವುದು ವಾಡಿಕೆ, ಈ ಮಾತನ್ನು ಎಲ್ಲರೂ ಕಣ್ಣುಮುಚ್ಚಿ ಪುನರುಚ್ಚರಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿತವಲ್ಲ. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಮೂರನೆಯ ಮಹಾಸಭೆ ತನ್ನ ಪಾದ್ರಿಗಳಿಗೆ ರೋಮನ್ ಕಾಲರನ್ನು ಆಗಲೇ ವಿಧಿಸಿತ್ತು. ಆ ಪತ್ರಿಕೆಗಿಂತ ಹತ್ತು ವರ್ಷ ಮೊದಲೇ ಹೆಸರೂ ಕಟ್ಟಳೆಯೂ ಇದ್ದ ವಸ್ತುವನ್ನು ಅವರೊಬ್ಬರೇ ಕಂಡುಹಿಡಿದರೆಂದು ನಂಬುವುದು ಕಷ್ಟ. ಬಿಡಿ ಕಾಲರಿನ ಒಂದು ಮಾದರಿಗೆ ಅವರು ಕಾರಣರಾಗಿರಬಹುದು, ಅಷ್ಟೇ. 1983ರ ಕ್ಯಾಥೊಲಿಕ್ ಧರ್ಮಸಂಹಿತೆಯ 284ನೆಯ ವಿಧಿಯಂತೂ ‘ತಕ್ಕ ಉಡುಪು’ ಎಂದಷ್ಟೇ ಹೇಳಿ, ವಿವರವನ್ನು ಆಯಾ ದೇಶದ ಬಿಷಪ್ಪರ ಮಂಡಳಿಗೆ ಬಿಟ್ಟಿದೆ.

ಬೇರೆ ಭಾಷೆಗಳು ಈ ಪಟ್ಟಿಯನ್ನು ಏನೆಂದು ಕಂಡವು ಎಂಬುದು ನಿಮ್ಮ ಆಯ್ಕೆಗೆ ನೆರವಾಗಬಹುದು. ಸ್ಪ್ಯಾನಿಶ್ ಅದನ್ನು ಅಲ್ಸಾಕ್ವೆಲ್ಯೊ, ಕತ್ತೆತ್ತುವಂಥದ್ದು, ಎನ್ನುತ್ತದೆ. ಹಾಕಿಕೊಂಡವರಿಗೆ ಗದ್ದ ತಗ್ಗಿಸಲು ಬಾರದಿರುವುದನ್ನು ನೋಡಿದವರೇ ಈ ಹೆಸರಿಟ್ಟಿರಬೇಕು. ಪೋಲಿಶ್ ಲ್ಯಾಟಿನ್ ಮೂಲವನ್ನೇ ಹಿಡಿದು ಕೊಲೊರಾತ್ಕ ಎಂದು ಮುದ್ದಾಗಿಸಿಕೊಂಡಿದೆ. ಜರ್ಮನ್ನರಲ್ಲಿ ಗಂಭೀರ ಪದ ಕೊಲ್ಲಾರ್, ತಮಾಷೆಯ ಪದ ಕಾಲ್ಕ್‌ಲೈಸ್ಟೆ, ಅಂದರೆ ಸುಣ್ಣ ಬಳಿದ ಪಟ್ಟಿ. ಇಟಲಿಯವರು ಪಾದ್ರಿಯ ಕೋಟಿನ ಉಡುಪಿಗೇ ‘ಕ್ಲರ್ಜಿಮನ್’ ಎಂಬ ಇಂಗ್ಲಿಷ್ ಮಾತನ್ನು ಇಟ್ಟುಕೊಂಡಿದ್ದಾರೆ, ಅಲ್ಲಿ ಪಾದ್ರಿ ಕ್ಲರ್ಜಿಮನ್ನನ್ನು ತೊಟ್ಟು ಹೊರಡುತ್ತಾನೆ.

ಗೆರೆಯ ಆಚೆಯ ಬದಿಗೆ, ಆರಾಧನೆಯ ವಸ್ತ್ರಗಳಿಗೆ ಬರೋಣ. ಅವುಗಳಲ್ಲಿ ಕತ್ತಿಗೆ ಅತ್ಯಂತ ಹತ್ತಿರದ್ದು ಆ್ಯಮಿಸ್. ಸುತ್ತಿಕೊಳ್ಳುವುದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಈ ಹೆಸರು ಎರಡು ಮೂಲೆಗಳಲ್ಲಿ ಲಾಡಿಯಿರುವ ಚೌಕನೆಯ ಬಿಳಿ ನಾರುಬಟ್ಟೆಯದು. ಹಳೆಯ ಕ್ರಮದಲ್ಲಿ ಪಾದ್ರಿ ಅದರ ನಡುವಿನ ಶಿಲುಬೆಗೆ ಮುತ್ತಿಟ್ಟು, ತಲೆಯ ಮೇಲೆ ಒಂದು ಕ್ಷಣ ಇರಿಸಿ, ರಕ್ಷಣೆಯ ಶಿರಸ್ತ್ರಾಣವನ್ನು ತೊಡಿಸೆಂದು ಪ್ರಾರ್ಥಿಸಿ, ಭುಜಕ್ಕಿಳಿಸಿ, ಕಾಲರ್ ಕಾಣದಂತೆ ಅಂಚನ್ನು ಕತ್ತಿನ ಸುತ್ತ ಸಿಕ್ಕಿಸಿ, ಲಾಡಿಗಳನ್ನು ಎದೆಯ ಮೇಲೆ ಅಡ್ಡಹಾಯಿಸಿ ಸೊಂಟಕ್ಕೆ ಕಟ್ಟುತ್ತಾನೆ. ಅದರ ಮೇಲೆ ಆಲ್ಬ್ ಎಂಬ ಬಿಳಿಯ ನಿಲುವಂಗಿ. ಇಂದಿನ ರೋಮನ್ ನಿಯಮದ ಪ್ರಕಾರ ಆ ನಿಲುವಂಗಿ ಕತ್ತಿನ ಬಳಿ ನಿತ್ಯದ ಉಡುಪನ್ನು ಮುಚ್ಚದಿದ್ದರೆ ಮಾತ್ರ ಆ್ಯಮಿಸ್ ಕಡ್ಡಾಯ. ಅಂದರೆ ಪಾದ್ರಿಯ ಗುರುತೆಂದು ನಾವು ಭಾವಿಸಿರುವ ಕಾಲರನ್ನು ಪೂಜೆಯ ಹೊತ್ತಿನಲ್ಲಿ ನಿತ್ಯದ ಉಡುಪಿನೊಂದಿಗೆ ಮುಚ್ಚಿಡಬೇಕು. ಎರಡು ಬಗೆಗಳ ನಡುವಿನ ಗೆರೆ ನನ್ನ ಕಲ್ಪನೆಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಸ್ಟೋಲ್ ಕಿರಿದಾದ ಉದ್ದ ವಸ್ತ್ರ. ಗ್ರೀಕಿನ ಸ್ತೊಲೆ ಎಂದರೆ ಉಡುಪು. ಲ್ಯಾಟಿನ್ನಿನ ಸ್ತೋಲ ಎಂದರೆ ರೋಮಿನ ಗೃಹಿಣಿ ತೊಡುತ್ತಿದ್ದ ಪಾದದವರೆಗಿನ ನಿಲುವಂಗಿ. ಅಷ್ಟು ದೊಡ್ಡ ಬಟ್ಟೆಯ ಹೆಸರು ಇಷ್ಟು ಸಣ್ಣ ಪಟ್ಟಿಗೆ ಹೇಗಿಳಿಯಿತು ಎಂಬ ಚರ್ಚೆ ಹಳೆಯದು. ಇದರ ಹಿಂದಿನ ಹೆಸರು ಒರಾರಿಯುಂ. 633ರಲ್ಲಿ ಟೊಲೆಡೊದಲ್ಲಿ ಸೇರಿದ ನಾಲ್ಕನೆಯ ಸಭೆ, ಉಪಯಾಜಕನು ಒಂದೇ ಒರಾರಿಯುಂ ಅನ್ನು ಎಡಭುಜದ ಮೇಲೆ ಧರಿಸಬೇಕೆಂದು ವಿಧಿಸಿತು, ಆ ಎಡಭುಜ ಈಗಲೂ ಬದಲಾಗಿಲ್ಲ. ಯಾಜಕನು ಅದನ್ನು ಕತ್ತಿನ ಹಿಂದಿನಿಂದ ತಂದು ಎದೆಯ ಎರಡೂ ಬದಿಗೆ ಇಳಿಬಿಡುತ್ತಾನೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಯಾಜಕನ ಸ್ಟೋಲಿಗೆ ಎಪಿಟ್ರಾಖೆಲಿಯೊನ್, ಕತ್ತಿನ ಮೇಲಿನದು, ಎಂಬ ಹೆಸರಿದ್ದು, ನಮ್ಮ ‘ಕೊರಳ’ ಎಂಬ ಮಾತಿಗೆ ನಿಜವಾದ ಹಕ್ಕುದಾರ ಅದೇ. ಕಾದಂಬರಿಯಲ್ಲಿ ಪಾದ್ರಿ ಜೇಬಿನಿಂದ ಸ್ಟೋಲ್ ತೆಗೆದು ಕತ್ತಿಗೆ ಹಾಕಿಕೊಂಡನೆಂದರೆ ಆ ಕ್ಷಣದಿಂದ ಮಾತುಕತೆ ಮುಗಿದು ಸಂಸ್ಕಾರ ಶುರುವಾಯಿತೆಂದು ಅರ್ಥ. ಕೊರಳಪಟ್ಟಿ ಎಂದು ಅನುವಾದಿಸಿದರೆ ಓದುಗನಿಗೆ ಅವನು ಉಡುಪು ಸರಿಪಡಿಸಿಕೊಳ್ಳುತ್ತಿರುವಂತೆ ಕಾಣುತ್ತದೆ.

ಟಿಪೆಟ್ ಇದಕ್ಕೆ ರೂಪದಲ್ಲಿ ಹತ್ತಿರ, ಅರ್ಥದಲ್ಲಿ ದೂರ. ಹದಿನಾಲ್ಕನೆಯ ಶತಮಾನದಲ್ಲಿ ಅದು ಮುಸುಕುಟೋಪಿಯ ಉದ್ದ ಬಾಲ. ಆಂಗ್ಲಿಕನ್ ಸಭೆಯಲ್ಲಿ ಅದು ಬಿಳಿಯ ಮೇಲಂಗಿಯ ಮೇಲೆ ಇಳಿಬಿಡುವ ಅಗಲದ ಕಪ್ಪು ಪಟ್ಟಿ. 1604ರ ಸಭಾನಿಯಮಗಳಲ್ಲಿ 58ನೆಯದು, ಪದವಿಯಿಲ್ಲದ ಪಾದ್ರಿಗಳು ಪದವೀಧರರು ಬೆನ್ನ ಮೇಲೆ ಇಳಿಬಿಡುವ ಹುಡ್ ಎಂಬ ವಸ್ತ್ರದ ಬದಲು ಕಪ್ಪು ಟಿಪೆಟ್ ಧರಿಸಬಹುದು, ಆದರೆ ಅದು ರೇಷ್ಮೆಯದಾಗಿರಕೂಡದು ಎನ್ನುತ್ತದೆ. ಸಂಸ್ಕಾರಗಳಿಗೆ ಬಣ್ಣದ ಸ್ಟೋಲ್ ಹಾಕುವವನೂ ಕಪ್ಪು ಟಿಪೆಟ್ ಒಂದಕ್ಕೇ ಅಂಟಿಕೊಂಡವನೂ ನಿಮ್ಮ ಕಾಲದ ಇಂಗ್ಲೆಂಡಿನಲ್ಲಿ ಎದುರುಬದುರು ಪಕ್ಷದವರು. ಹೆಂಗಸರ ತುಪ್ಪುಳದ ಹೆಗಲುವಸ್ತ್ರಕ್ಕೂ ಟಿಪೆಟ್ ಎನ್ನುವುದರಿಂದ ಯಾರ ಹೆಗಲ ಮೇಲಿದೆ ಎಂದು ನೋಡಿಕೊಳ್ಳಿ. ಮಹಾಧರ್ಮಾಧ್ಯಕ್ಷರ ಭುಜದ ಮೇಲಿನ, ಆರು ಕಪ್ಪು ಶಿಲುಬೆಗಳ ಬಿಳಿಯ ಉಣ್ಣೆಪಟ್ಟಿ ಪ್ಯಾಲಿಯಂ. ಸನ್ಯಾಸಿನಿಯರ ಕತ್ತು ಗದ್ದಗಳನ್ನು ಮುಚ್ಚುವುದು ವಿಂಪಲ್. ಇವನ್ನು ಕಾಲರಿನ ಜೊತೆ ಬೆರೆಸದಿದ್ದರೆ ಸಾಕು.

ಕನ್ನಡದಲ್ಲಿ ಏನೆನ್ನಬೇಕು? ಕ್ಲೆರಿಕಲ್ ಕಾಲರಿಗೆ ‘ಪಾದ್ರಿಯ ಬಿಳಿ ಕಾಲರ್’ ಎನ್ನಿ. ಕಾಲರ್ ಈಗ ಕನ್ನಡದ್ದೇ ಮಾತು, ಕೊರಳಪಟ್ಟಿ ಎಂದೊಡನೆ ಜಗಳದಲ್ಲಿ ಹಿಡಿದೆಳೆಯುವ ಅಂಗಿಯ ನೆನಪು ಬರುತ್ತದೆ. ರೋಮನ್ ಕಾಲರನ್ನು ಹಾಗೆಯೇ ಉಳಿಸಿ. ಬ್ಯಾಂಡ್ಸ್‌ಗೆ ‘ಜೋಡಿ ಇಳಿಪಟ್ಟಿ’ ಎಂದರೆ ಆಕಾರ ಕಣ್ಣಿಗೆ ಕಟ್ಟುತ್ತದೆ, ರಬಾಗೆ ಅದನ್ನೇ ಬಳಸಿ ಫ್ರೆಂಚ್ ಪದವನ್ನು ಒಮ್ಮೆ ಜೊತೆಗಿಡಬಹುದು. ಸ್ಟೋಲಿಗೆ ಉತ್ತರೀಯ, ಅಂಗವಸ್ತ್ರ ಎಂದು ಬರೆದದ್ದನ್ನು ಕಂಡಿದ್ದೇನೆ. ಎರಡೂ ಬೇರೆಯೇ ಒಂದು ಲೋಕವನ್ನು ಎಳೆದು ತರುವುದರಿಂದ ನಾನು ಸ್ಟೋಲ್ ಎಂದೇ ಬಿಟ್ಟು, ಮೊದಲ ಸಲ ‘ದೀಕ್ಷೆಯ ಸ್ಟೋಲ್’ ಎನ್ನುತ್ತೇನೆ.

ಕೊನೆಗೆ ಆ ಡಾಗ್ ಕಾಲರ್ ವಾಕ್ಯ. ಉಡುಪನ್ನು ಹೇಳಿ ಆಳನ್ನು ಸೂಚಿಸುವುದು ಕನ್ನಡಕ್ಕೆ ಹೊಸದಲ್ಲ: ಖಾಕಿ ಬಂತು ಎಂದರೆ ಪೊಲೀಸರು, ಕಾವಿ ಎಂದರೆ ಸನ್ಯಾಸಿ. ಆದ್ದರಿಂದ ‘ಬಿಳಿ ಕಾಲರೊಂದು ಮೆಟ್ಟಿಲೇರಿ ಬಂತು’ ಎಂದರೆ ಓದುಗ ಎಡವುವುದಿಲ್ಲ, ಅಷ್ಟರಲ್ಲಿ ಒಮ್ಮೆಯಾದರೂ ಆ ಕಾಲರನ್ನು ಪಾದ್ರಿಯ ಕತ್ತಿನ ಮೇಲೆ ತೋರಿಸಿರಬೇಕು. ‘ನಾಯಿಪಟ್ಟಿ’ ಎಂದು ಮಾತ್ರ ಮಾಡಬೇಡಿ. ಇಂಗ್ಲಿಷಿನಲ್ಲಿ ಆ ಕುಚೋದ್ಯ ಸವೆದು ಸವೆದು ಪಾದ್ರಿಗಳೇ ತಮ್ಮ ಬಗ್ಗೆ ಬಳಸುವಷ್ಟು ಸಾಧುವಾಗಿದೆ, ಕನ್ನಡದಲ್ಲಿ ಅದು ಹಸಿ ಬೈಗುಳ. ಪಾತ್ರವೇ ತಿರಸ್ಕಾರದಿಂದ ಮಾತಾಡುತ್ತಿದ್ದರೆ ಮಾತ್ರ ಅದು ಸಲ್ಲುತ್ತದೆ. ಅದೇ ಕಾಲದಲ್ಲಿ ವೇಲ್ಸಿನ ರಾಜಕುಮಾರಿ ಅಲೆಕ್ಸಾಂಡ್ರಾ ರೂಢಿಗೆ ತಂದ, ಕತ್ತಿಗೆ ಬಿಗಿಯಾಗಿ ಕೂರುವ ಮುತ್ತಿನ ಹಲವೆಳೆಯ ಅಡ್ಡಿಕೆಗೂ ಡಾಗ್ ಕಾಲರ್ ಎಂದೇ ಹೆಸರು. ಕಾದಂಬರಿಯ ಔತಣಕೂಟದಲ್ಲಿ ಯಾರೋ ಶ್ರೀಮಂತ ಹೆಂಗಸು ಡಾಗ್ ಕಾಲರ್ ಧರಿಸಿ ಬಂದರೆ, ಅಲ್ಲಿ ಪಾದ್ರಿಯನ್ನು ಹುಡುಕಬೇಡಿ.